ಪಾಲಿಹೌಸಿನ ಬಾಗಿಲಲ್ಲಿ ಅತ್ತೆ

ಹರ್ತಿಯ ನಮ್ಮ ಹೊಲದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಹಾಕಿಸಿ ದೊಣ್ಣಮೆಣಸಿನಕಾಯಿ ಬೆಳೆದ ಮೊದಲ ವರ್ಷ, ನನ್ನ ಗಂಡನಿಗೆ ಸಂಜೆಯಾದರೆ ತಲೆನೋವು. ಕಣ್ಣೂ ಮಂಜಾಗುತ್ತಿತ್ತು. ಗದಗಕ್ಕೆ ಹೋಗಿ ಕಣ್ಣು ತೋರಿಸಿದರೆ, ದೋಷವೇನಿಲ್ಲ ಎಂದರಂತೆ. ಒಳಗಿನ ಸೆಖೆಗೆ ಹೀಗಾಗುತ್ತಿದೆ ಎಂದುಕೊಂಡೆವು. ಎಣ್ಣೆ ಹೊಡೆದ ದಿನವೇ ನೋವು ಹೆಚ್ಚು ಎಂಬುದು ಯಾರಿಗೂ ಹೊಳೆಯಲಿಲ್ಲ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಅನ್ನುವುದು.

ಒಂದು ದಿನ ಗಾಳಿ ಜೋರಾಗಿತ್ತು. ಧೂಳು ಬರಬಾರದೆಂದು ಸುತ್ತಲಿನ ಪರದೆಗಳನ್ನು ಇಳಿಸಿ, ಬಾಯಿಗೆ ಟವೆಲ್ ಕಟ್ಟಿಕೊಂಡು, ಎಣ್ಣೆ ಹೊಡೆಯುವ ಪಂಪು ಬೆನ್ನಿಗೇರಿಸಿ ಅವರು ಒಳಗೆ ಹೋದರು. ನಾನು, ಅತ್ತೆ ಹೊರಗೆ ಬೇವಿನ ನೆರಳಲ್ಲಿ ಕಾಯಿ ಆರಿಸುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಪಂಪಿನ ಸದ್ದು ನಿಂತಿತು. ಕರೆದರೆ ಓಗೊಡಲಿಲ್ಲ.

ಮೂಗಿಗೆ ಸೆರಗು ಒತ್ತಿ ಒಳಗೆ ಓಡಿದೆ. ಗಿಡಗಳ ಸಾಲಿನ ನಡುವೆ ಕುಸಿದು ಕೂತಿದ್ದರು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು.

“ಏನಾತ್ರೀ?”

“ಏನೂ ಕಾಣವಲ್ದು. ಹೊಟ್ಟಿ ತೊಳಸಾಕತ್ತೈತಿ.”

ಕಂಕುಳಿಗೆ ಕೈಹಾಕಿ ಹೊರಗೆ ಎಳೆದು ತಂದೆ. ಪಂಪು ಸೋರಿ ಅಂಗಿಯ ಬೆನ್ನೆಲ್ಲ ಎಣ್ಣೆಯಲ್ಲಿ ನೆನೆದಿತ್ತು.

“ಉಷ್ಣ ಆಗೇತಿ, ಮಜ್ಜಿಗಿ ಕುಡಸು,” ಎಂದರು ಅತ್ತೆ.

“ಬಾಯಿಗೆ ಏನೂ ಹಾಕಬ್ಯಾಡ್ರಿ ಅತ್ತಿ. ಮೊದಲ ಅಂಗಿ ತಗೀರಿ.”

ಸಾಬೂನು ಹಚ್ಚಿ, ತೊಟ್ಟಿಯ ನೀರು ಸುರಿದು ಮೈ ತೊಳೆದೆವು. ಪಕ್ಕದ ಹೊಲದವರು ತಮ್ಮ ಗೂಡ್ಸ್ ಆಟೋ ತಂದರು. ಎಣ್ಣೆಯ ಬಾಟಲಿಯನ್ನೂ ಜೊತೆಗೆ ಹಿಡಿದು ಗದಗದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ನಾನು ಅವರನ್ನು ಮಾತಾಡಿಸುತ್ತಲೇ ಇದ್ದೆ. ಏನು ಮಾತಾಡಿದೆನೋ ನೆನಪಿಲ್ಲ.

ಡಾಕ್ಟರು ಬಾಟಲಿ ನೋಡಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕೂಡಲೇ ಇಂಜೆಕ್ಷನ್ ಶುರುಮಾಡಿದರು. ಗಂಡನ ಸ್ಥಿತಿ ಸುಧಾರಿಸಿದ ಮೇಲೆ ನನ್ನನ್ನು ಕರೆದು ಕೂರಿಸಿದರು.

“ಬಯಲಾಗ ಹೊಡದ್ರ ಗಾಳಿಗೆ ಒಂದಿಷ್ಟರ ಹೋಗತೈತ್ರಿ. ಪರದೆ ಇಳಿಸಿದ ಪಾಲಿಹೌಸ್‌ದಾಗ ಎಲ್ಲಿಗೆ ಹೋಗಬೇಕದು? ಎದಿಯೊಳಗ, ಚರ್ಮದೊಳಗ ಇಳೀತೈತಿ. ತಲಿನೋವು, ಕಣ್ಣು ಮಂಜಾಗೋದು ಎಲ್ಲಾ ಅದರದ. ಜಲ್ದಿ ಮೈ ತೊಳದದ್ದು ಚಲೋ ಆತು ನೋಡ್ರಿ.”

ಕೆಲವು ದಿನಗಳಲ್ಲಿ ಗಂಡ ಆಸ್ಪತ್ರೆಯಿಂದ ಮನೆಗೆ ಬಂದರು. ಈಗ ನಮ್ಮಲ್ಲಿ ಎಣ್ಣೆ ಹೊಡೆಯುವುದೇ ಕಡಿಮೆ. ಹುಳ ಹಿಡಿಯಲು ಹಳದಿ ಅಂಟುಹಾಳೆ ತೂಗುಹಾಕಿದ್ದೇವೆ. ಹೊಡೆಯಲೇಬೇಕಾದರೆ ತಂಪು ಹೊತ್ತಿನಲ್ಲಿ, ಪರದೆ ಎತ್ತಿ, ಮೈತುಂಬ ಕೋಟು, ಗವಸು, ಸರಿಯಾದ ಮಾಸ್ಕು ಹಾಕಿಕೊಂಡು. ಅವರ ತಲೆನೋವು ಹೋಗಿದೆ.

ಹೊಡೆದಾದ ಮೇಲೆ ಕಾವಲು ಅತ್ತೆಯದು. ಒಳಗಿನ ಗಾಳಿ ತಿಳಿಯಾಗುವವರೆಗೆ ಯಾರನ್ನೂ ಬಿಡುವುದಿಲ್ಲ. ಮೊನ್ನೆ ಎಣ್ಣೆ ಹೊಡೆದ ದಿನವೇ ಬೆಳೆ ನೋಡಲು ತೋಟಗಾರಿಕೆ ಇಲಾಖೆಯ ಒಬ್ಬ ಅಧಿಕಾರಿ ಬಂದಿದ್ದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಇವತ್ತು ಒಳಗ ಬಿಡಂಗಿಲ್ರಿ ಸಾಹೇಬ್ರ. ನಾಳಿ ಬರ್ರಿ.”

“ಒಂದ ನಿಮಿಷ ನೋಡಿ ಹೋಗ್ತೇನವ್ವಾ.”

“ನನ್ನ ಮಗನ್ನ ಬಿಟ್ಟಿಲ್ಲ, ನಿಮ್ಮನ್ನ ಬಿಡ್ತೀನೇನು? ಕುಂಡ್ರಿ, ಚಾ ಕುಡೀರಿ.”

ಅಧಿಕಾರಿ ನನ್ನ ಗಂಡನ ಮುಖ ನೋಡಿದರು. ಇವರು ನಕ್ಕು ಕೈಚೆಲ್ಲಿದರು. ನಾನು ಚಹಕ್ಕೆ ನೀರಿಟ್ಟೆ.