ಗಿರಾಕಿಗಳ ಗಂಟಲಿನಿಂದ ಕಲಿತ ಇಂಗ್ಲಿಷ್

ಬೆಂಗಳೂರಿನಲ್ಲಿ ನನಗೆ ಸಿಕ್ಕ ಮೊದಲ ಗಿರಾಕಿ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ನನ್ನ ಮುಖ ನೋಡಿ ನಕ್ಕು, "ಜಸ್ಟ್ ಲುಕಿಂಗ್" ಅಂದಳು. ಸುಮ್ಮನೆ ನೋಡಲು ಬಂದಿದ್ದೇನೆ ಅಂತ ಅದರ ಅರ್ಥ. ಬಟ್ಟೆ ಅಂಗಡಿಗೆ ಬಂದು ಬಟ್ಟೆ ಬೇಡ ಅನ್ನುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಸಿದು ಖಾನಾವಳಿಗೆ ಹೋದವನು ತಾಟು ನೋಡಿಕೊಂಡು ವಾಪಸು ಬರುತ್ತಾನೆಯೇ? ಪಾಪ, ನಾಚಿಕೆಯ ಹೆಣ್ಣುಮಗಳಿರಬೇಕು ಅಂದುಕೊಂಡು ಬೆನ್ನಿಗೇ ಹೊರಟೆ. ಆಕೆ ಕುರ್ತಾ ಮುಟ್ಟಿದರೆ ಕುರ್ತಾ ತೆಗೆದು ಹರವಿದೆ. ಬೆಲ್ಟಿನ ಕಡೆ ತಿರುಗಿದರೆ ಆಕೆಗಿಂತ ಮೊದಲು ನಾನೇ ಅಲ್ಲಿ ನಿಂತಿದ್ದೆ. ಕೊನೆಗೆ ಪ್ರೀತಿಯಿಂದ, "ಯಾವೂರಾತ್ರೀ ನಿಮ್ದು?" ಎಂದು ಕೇಳಿದೆ. ಆಕೆ ಬಾಗಿಲಿನತ್ತ ಹೊರಟ ವೇಗ ನೋಡಿದರೆ ಊರು ಬಹಳ ದೂರವೇ ಇರಬೇಕು.

ನಮ್ಮ ರಾಣೆಬೆನ್ನೂರಿನಲ್ಲಿ ಹೀಗಿಲ್ಲ. ಅಲ್ಲಿ ನನ್ನ ಸೋದರಮಾವನದೊಂದು ಬಟ್ಟೆ ಅಂಗಡಿ. ಬಂದವರು ಚಪ್ಪಲಿ ಬಿಟ್ಟು, ಗಾದಿಯ ಮೇಲೆ ಕಾಲು ಮಡಚಿ ಕುಳಿತು, ಚಹಾ ಕುಡಿದು, ಎರಡೂ ಕಡೆಯ ಬೀಗರ ಮೊಣಕಾಲು ನೋವು ವಿಚಾರಿಸಿಕೊಂಡು, ಆಮೇಲೆ ಮೆಲ್ಲಗೆ, "ಒಂದೆರಡು ಇಳಕಲ್ ತೋರಸ್ರೆಪಾ" ಅನ್ನುತ್ತಾರೆ. ಒಂದು ಕೇಳಿದರೆ ಮಾವ ಇಡೀ ಕಪಾಟನ್ನೇ ಸುರಿಯುತ್ತಾನೆ. ಗಿರಾಕಿ ಏನೂ ಕೊಳ್ಳದೆ ಎದ್ದರೆ ಅವನಿಗೆ ಬೇಸರವಿಲ್ಲ, ಏನನ್ನೂ ತೋರಿಸಿಕೊಳ್ಳದೆ ಎದ್ದರೆ ಮಾತ್ರ ಅವಮಾನ. ಆ ಗಾದಿಯಲ್ಲೇ ನಾನು ಕೆಲಸ ಕಲಿತವನು. ಮಾವನ ಮಗ ಬಂದು ಕುಳಿತ ಮೇಲೆ ಅಲ್ಲಿ ನನ್ನ ಜಾಗ ಕಿರಿದಾಯಿತು. ಇಂದಿರಾನಗರದ ದೊಡ್ಡ ಬಟ್ಟೆ ಅಂಗಡಿಯೊಂದಕ್ಕೆ ಜನ ಬೇಕಾಗಿದ್ದಾರೆ ಅಂತ ಗೊತ್ತಾದದ್ದೇ ತಡ, ಬ್ಯಾಗು ಹೆಗಲಿಗೇರಿಸಿದೆ.

ಅಂಗಡಿಯ ಮ್ಯಾನೇಜರು ನಜೀಮಾ ಮೇಡಂ ಫ್ರೇಜರ್ ಟೌನಿನವರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಹತ್ತಿರ ಇಂಗ್ಲಿಷ್, ಬೈಯಲು ಮಾತ್ರ ಅಚ್ಚ ಕನ್ನಡ. ಹಾಗಾಗಿ ನನ್ನೊಂದಿಗೆ ಯಾವಾಗಲೂ ಕನ್ನಡವೇ.

"ಬಸವರಾಜ್, ಜಸ್ಟ್ ಲುಕಿಂಗ್ ಅಂದ್ರೆ ದೂರ ನಿಂತ್ಕೋ ಅಂತ ಅರ್ಥ. ನೀನು ಬಾಡಿಗಾರ್ಡ್ ಥರ ಹಿಂದೆ ಹಿಂದೆ ಹೋಗ್ತೀಯಲ್ಲಪ್ಪಾ!"

"ದೂರ ನಿಂತ್ರ ಅವರು ಬ್ಯಾಸರಾ ಮಾಡ್ಕೊಳ್ಳೂದಿಲ್ಲೇನ್ರಿ ಮೇಡಂ?"

"ಹತ್ರ ನಿಂತ್ರೆ ಪೊಲೀಸ್‌ಗೆ ಫೋನ್ ಮಾಡ್ತಾರೆ. ನೋಡು, ದೀಪಾವಳಿ ರಶ್ ಶುರು ಆಗೋದ್ರೊಳಗೆ ಕಸ್ಟಮರ್ ಹತ್ರ ಇಂಗ್ಲಿಷ್ ಮಾತಾಡೋದು ಕಲೀಬೇಕು. ಆಗ್ಲಿಲ್ಲ ಅಂದ್ರೆ ಕೆ.ಆರ್. ಪುರಂ ಗೋಡೌನ್‌ಗೆ ಹಾಕ್ಬಿಡ್ತೀನಿ. ಅಲ್ಲಿ ಯಾವ ಭಾಷೇನೂ ಬೇಡ."

ಯಾವ ಭಾಷೆಯೂ ಬೇಡ ಅನ್ನುವ ಮಾತಿಗೇ ನಾನು ಹೆದರಿದ್ದು. ನಾನು ಹುಟ್ಟಾ ನಕಲಿ ಮಾಡುವವನು. ನಮ್ಮ ಕಡೆ ನಕಲಿ ಅಂದರೆ ಇನ್ನೊಬ್ಬರ ಹಾಗೆ ಮಾತಾಡಿ, ನಡೆದು, ಕೆಮ್ಮಿ, ಅವರ ಎದುರಿಗೇ ಜನರನ್ನು ನಗಿಸುವುದು. ಅದಕ್ಕೆ ದಿನವೂ ಹೊಸ ಮನುಷ್ಯರು ಬೇಕು. ಗೋಡೌನಿನಲ್ಲಿ ಬರೀ ರಟ್ಟಿನ ಪೆಟ್ಟಿಗೆಗಳು. ರಟ್ಟಿನ ಪೆಟ್ಟಿಗೆಯ ನಕಲಿ ಮಾಡಬೇಕೆಂದರೆ ಸುಮ್ಮನೆ ಕುಳಿತಿರಬೇಕು. ಅದೊಂದು ವಿದ್ಯೆ ನನಗೆ ಹತ್ತಲಿಲ್ಲ.

ಸುಮ್ಮನಿರುವುದಕ್ಕೆ ಕಗ್ಗದಾಸಪುರದ ನನ್ನ ಕೋಣೆಯೇ ಸಾಕಾಗಿತ್ತು. ಅದರ ಕಿಟಕಿ ತೆರೆದರೆ ಪಕ್ಕದ ಮನೆಯ ಅಡುಗೆಮನೆಯ ಕಿಟಕಿ. ಅವರು ಇವತ್ತು ಹುಳಿಗೆ ಇಂಗು ಜಾಸ್ತಿ ಹಾಕಿದ್ದಾರೋ ಕಮ್ಮಿಯೋ ನನಗೆ ಗೊತ್ತು, ಅವರ ಹೆಸರು ಮಾತ್ರ ಗೊತ್ತಿಲ್ಲ. ಊರಿನಲ್ಲಿ ನಾನು ಕೆಮ್ಮಿದರೆ ಆಚೀಚೆ ಮನೆಯಿಂದ ಕಷಾಯ ಬರುತ್ತಿತ್ತು. ಇಲ್ಲಿ ಕೆಮ್ಮಿದರೆ ಕಿಟಕಿ ಮುಚ್ಚುತ್ತಾರೆ. ರಜೆಯ ದಿನ ಹೊರಮಾವಿನ ತನಕ ಬಸ್ಸು ಹತ್ತಿ ಹೋಗಿ, ನಮ್ಮ ಕಡೆಯವರ ಖಾನಾವಳಿಯಲ್ಲಿ ಜೋಳದ ರೊಟ್ಟಿ ತಿನ್ನುತ್ತಿದ್ದೆ. ರೊಟ್ಟಿ ಹಾಗಿರಲಿ, ಬಡಿಯುವ ಸಪ್ಪಳ ಕೇಳುವುದೇ ಅರ್ಧ ಊಟ. ಅಲ್ಲಿಂದ ಶಿವಾಜಿನಗರಕ್ಕೆ. ಅಲ್ಲೊಬ್ಬ ಹಣ್ಣಿನ ವ್ಯಾಪಾರಿ ಎದುರಿಗೆ ಬಂದವರ ಮುಖ ನೋಡಿ ತಮಿಳಿನಲ್ಲಿ ಕರೆದು, ದಖನಿಯಲ್ಲಿ ಹೊಗಳಿ, ಇಂಗ್ಲಿಷಿನಲ್ಲಿ ಬೆಲೆ ಹೇಳಿ, ಚೌಕಾಸಿಗೆ ಇಳಿದರೆ ಕನ್ನಡದಲ್ಲಿ "ಹೋಗ್ರೀ ಹೋಗ್ರೀ" ಅನ್ನುತ್ತಿದ್ದ. ಅವನನ್ನು ನೋಡುತ್ತಾ ನಿಂತಾಗ ನನಗೆ ಧೈರ್ಯ ಬಂತು. ಅವನು ಭಾಷೆಯನ್ನು ಓದಿ ಕಲಿತಿಲ್ಲ, ಗಿರಾಕಿಯ ಬಾಯಿಂದಲೇ ಕಿತ್ತುಕೊಂಡಿದ್ದಾನೆ. ನನಗೂ ಬಾಯಿಂದ ಕೀಳುವುದು ಬರುತ್ತದಲ್ಲ!

ಮರುದಿನದಿಂದ ನಾನು ಜಸ್ಟ್ ಲುಕಿಂಗ್ ಬಿಟ್ಟು ಜಸ್ಟ್ ಲಿಸನಿಂಗ್ ಶುರು ಮಾಡಿದೆ. 'ಔಟ್ ಆಫ್ ಸ್ಟಾಕ್' ಅಂದರೆ ಸರಕು ಮುಗಿದಿದೆ ಅಂತ. ಮಾವ ಜನ್ಮದಲ್ಲಿ ಆಡದ ಮಾತು ಇದು. ಅವನ ಅಂಗಡಿಯಲ್ಲಿ ಯಾವುದೂ ಮುಗಿಯುವುದಿಲ್ಲ, ಎಲ್ಲವೂ ಹುಬ್ಬಳ್ಳಿಯಿಂದ ಹೊರಟಿರುತ್ತದೆ. ಈ ಇಂಗ್ಲಿಷ್ ಮಾತನ್ನು ನಜೀಮಾ ಮೇಡಂ ಮೂಗಿನಲ್ಲಿ ಎಳೆದು, ಕತ್ತು ಒಂದಿಷ್ಟು ಓರೆ ಮಾಡಿ ಹೇಳುತ್ತಿದ್ದರು. ನಾನೂ ಮೂಗು, ಕತ್ತು ಸಮೇತ ಕಲಿತೆ. 'ಟ್ರಯಲ್ ರೂಮ್' ಅಂದರೆ ಹಾಕಿ ನೋಡುವ ಕೋಣೆ. ಊರಿನಲ್ಲಿ ಅಂಗಿಯನ್ನು ಎದೆಗೆ ಹಿಡಿದರೆ ಇಡೀ ಅಂಗಡಿ ತೀರ್ಪು ಕೊಡುತ್ತದೆ, ಇಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ತಮ್ಮ ಹೊಟ್ಟೆಯನ್ನು ಎದುರಿಸಬೇಕು. 'ಪರ್ಫೆಕ್ಟ್ ಫಿಟ್ಟಿಂಗ್' ಅನ್ನುವುದನ್ನು ಜೀವನ್ ಬಿಮಾ ನಗರದ ಒಬ್ಬ ನಿವೃತ್ತ ಅಂಕಲ್ಲಿನಿಂದ ಪಡೆದೆ. ಗುಂಡಿ ಹಾಕಲು ಉಸಿರು ಬಿಗಿ ಹಿಡಿದೇ ಅವರು ಅದನ್ನು ಹೇಳಿದ್ದರಿಂದ ನಾನೂ ಉಸಿರು ಬಿಗಿ ಹಿಡಿದೇ ಹೇಳುತ್ತಿದ್ದೆ. 'ಐ ವಿಲ್ ಥಿಂಕ್ ಅಬೌಟ್ ಇಟ್' ಅಂದರೆ ಯೋಚಿಸಿ ಹೇಳುತ್ತೇನೆ ಎಂದು. ಅದು ಮಾತ್ರ ನನಗೆ ಮೊದಲೇ ಗೊತ್ತಿತ್ತು. ನಮ್ಮ ಕಡೆ ಅದನ್ನು "ಮನ್ಯಾಗ ಕೇಳಿ ಬರ್ತೀನ್ರಿ" ಅನ್ನುತ್ತಾರೆ. ಇಬ್ಬರೂ ಮತ್ತೆ ಬರುವುದಿಲ್ಲ.

ಬಿಲ್ ಕೌಂಟರಿನ ಸೆಲ್ವಿ ಹಲಸೂರಿನವಳು, ನಾಲಿಗೆಯೂ ಕತ್ತರಿಯೂ ಒಂದೇ ಹದ. ಅವಳೇ ಮೊದಲು ಕಂಡುಹಿಡಿದದ್ದು.

"ಮಗಾ, ನಿನ್ ಇಂಗ್ಲಿಷ್‌ನಲ್ಲಿ ಎಷ್ಟ್ ಜನ ಇದಾರೋ? ಒಂದೊಂದ್ ವಾಕ್ಯಕ್ಕೆ ಒಂದೊಂದ್ ಗಂಟ್ಲು! ಈಗ ಮಾತಾಡಿದ್ದು ಮೇಡಮ್ಮಾ, ಅಂಕಲ್ಲಾ?"

"ಟ್ರಯಲ್ ರೂಮ್ ತನಕ ಮೇಡಂ, ಆಮ್ಯಾಲೆ ಅಂಕಲ್."

"ಯಾವತ್ತಾದ್ರೂ ಸಿಕ್ಕಾಕೋತೀಯ, ನೋಡ್ತಿರು."

ನಾನು ನಕ್ಕುಬಿಟ್ಟೆ. ವ್ಯಾಪಾರ ನಡೆಯುತ್ತಿತ್ತು, ಮೇಡಂ ಗೋಡೌನಿನ ಮಾತೆತ್ತುವುದು ಕಡಿಮೆಯಾಗಿತ್ತು. ಆದರೆ ಸೆಲ್ವಿಯ ಬಾಯಿಗೆ ಬಿದ್ದದ್ದು ಆಗದೆ ಇರುವುದುಂಟೇ?

ಕುಕ್ ಟೌನಿನಿಂದ ಆಗಾಗ ಶರ್ಲಿ ಆಂಟಿ ಬರುತ್ತಿದ್ದರು. ಆಂಗ್ಲೋ ಇಂಡಿಯನ್ ಅಜ್ಜಿ, ಹೂವಿನ ಫ್ರಾಕು, ಮೂಗಿನ ತುದಿಗೆ ಜಾರುವ ಕನ್ನಡಕ. ಮಾತೆಂದರೆ ಹಾಡು, ಗಂಡಸಾಗಲಿ ಹೆಂಗಸಾಗಲಿ ಎಲ್ಲರಿಗೂ ಕೊನೆಯಲ್ಲಿ ಒಂದು 'ಮೆನ್'. ಬಣ್ಣದ ಇಂಗ್ಲಿಷನ್ನು ನಾನು ಕಲಿತದ್ದೆಲ್ಲ ಅವರಿಂದಲೇ. ಮಂಕಾಗಿದ್ದರೆ 'ಡಲ್', ಕಣ್ಣಿಗೆ ಹೊಡೆದರೆ 'ಬ್ರೈಟ್', ತೊಳೆದು ತೊಳೆದು ಬಣ್ಣ ಹೋಗಿದ್ದರೆ 'ಫೇಡೆಡ್'. ಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ ಅವರು ಅಕ್ಕನ ಮೊಮ್ಮಗಳ ಮದುವೆಗೆಂದು ಬಟ್ಟೆ ನೋಡಲು ಬಂದು, ಬೂದು ಬಣ್ಣದ್ದೊಂದನ್ನು ಎತ್ತಿ ಹಿಡಿದರು. ನಾನು ಬಾಯಿ ತೆರೆದೆ.

"ಟೂ ಡಲ್ ಫಾರ್ ಯು, ಮೆನ್. ಟೇಕ್ ಸಮ್‌ಥಿಂಗ್ ಬ್ರೈಟರ್, ನೋ?"

ಬಂದದ್ದು ಅವರದೇ ಧ್ವನಿ. ಅದೇ ರಾಗ, ಅದೇ ಎಳೆತ. ಸಾಲದ್ದಕ್ಕೆ ನನ್ನ ಬೆರಳು ತಾನಾಗಿ ಮೂಗಿಗೆ ಹೋಗಿ ಇಲ್ಲದ ಕನ್ನಡಕವನ್ನು ಮೇಲೆ ತಳ್ಳಿತ್ತು. ಸೆಲ್ವಿ ಬಿಲ್ ಹೊಡೆಯುವುದನ್ನು ನಿಲ್ಲಿಸಿದಳು. ಆಂಟಿ ಬಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು.

"ಏನು ಮೆನ್, ನನ್ಗೆ ಗೇಲಿ ಮಾಡ್ತಿಯಾ ನೀನು?"

ಅಷ್ಟರಲ್ಲಿ ನಜೀಮಾ ಮೇಡಂ ಬಂದು ನಿಂತಾಗಿತ್ತು. ಅವರ ಮುಖದಲ್ಲಿ ನನಗೆ ಕೆ.ಆರ್. ಪುರಂ ಸ್ಪಷ್ಟವಾಗಿ ಕಾಣಿಸಿತು, ಪೆಟ್ಟಿಗೆಗಳ ಸಮೇತ.

"ಇಲ್ಲರೀ ಅಮ್ಮಾರ, ದೇವ್ರಾಣೆ ಇಲ್ಲ" ಅಂದೆ. "ಬಣ್ಣದ ಮಾತು ನಾ ಕಲ್ತದ್ದು ನಿಮ್ಮಿಂದ. ನಿಮ್ಮ ಧ್ವನಿ ಬಿಟ್ರ ಅದು ನನ್ನ ಬಾಯಾಗ ಬರೂದಽ ಇಲ್ಲ. ನನಗ ಅಂತ ಒಂದು ಇಂಗ್ಲಿಷ್ ಇಲ್ಲರೀ."

ಆಂಟಿ ಕನ್ನಡಕದ ಮೇಲಿಂದ ನನ್ನನ್ನು ಅಳೆದರು. "ಯಾವ ಊರು ನಿಂದು?"

ಬೆಂಗಳೂರಿಗೆ ಬಂದ ಮೇಲೆ ನನ್ನನ್ನು ಯಾರಾದರೂ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ರಾಣೆಬೆನ್ನೂರು ಅಂದೆ. ಆಂಟಿ ಅಂದರು: "ಬಟ್ಟೆ ಅಂಗಡಿ ಇದೆಯಾ ಅಲ್ಲಿ? ಅಲ್ಲಿ ನಾನು ಬಂದ್ರೆ ಹೆಂಗೆ ಮಾತಾಡ್ತೀಯಾ, ಹಂಗೆ ಮಾತಾಡು ಮೆನ್. ಇಂಗ್ಲಿಷ್‌ನಲ್ಲಿ."

ಈಗ ಹಿಂದೆ ಅಡಗಲು ಯಾರ ಧ್ವನಿಯೂ ಸಿಗಲಿಲ್ಲ. ಟ್ರಯಲ್ ರೂಮಿನ ಹೊರಗೆ ಒಂದು ಕುರ್ಚಿ ಇತ್ತು, ಅದನ್ನೇ ಎಳೆದು ತಂದು ಹಾಕಿದೆ. "ಪ್ಲೀಸ್ ಸಿಟ್ ರೀ ಆಂಟೀ. ಫಸ್ಟ್ ರೆಸ್ಟ್, ದೆನ್ ಡ್ರೆಸ್" ಎಂದು ಶುರುವಾಯಿತು. ಆಂಟಿ ಮಂಡಿ ಹಿಡಿದುಕೊಂಡು ಕುಳಿತೇಬಿಟ್ಟರು. ನಾನು ಒಂದೊಂದನ್ನೇ ತಂದು ಅವರ ಮುಂದೆ ಹರವಿದೆ. "ದಿಸ್ ಬ್ಲೂ ರೀ. ದಿಸ್ ಗ್ರೀನ್ ರೀ. ನೋ ಬಯಿಂಗ್ ರೀ, ಓನ್ಲಿ ಸೀಯಿಂಗ್. ಗ್ರ್ಯಾಂಡ್‌ಡಾಟರ್ ಮ್ಯಾರೇಜ್, ಗ್ರ್ಯಾಂಡ್‌ಮದರ್ ಮಸ್ಟ್ ಶೈನ್ ರೀ." ಆಂಟಿಯ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಹಸಿರು, ನೀಲಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಕೆಂಪು ಇದೆಯಾ ಅಂದರು.

ಅವರು ಹೋದ ಮೇಲೆ ಮೇಡಂ ನನ್ನನ್ನು ಕರೆದರು. "ನನ್ನ ಥರಾನೂ ಮಾಡಿ ತೋರಿಸ್ತೀಯಂತೆ. ಎಲ್ಲಿ, ಮಾಡು."

ಆದದ್ದಾಗಲಿ ಎಂದು ಮೂಗು ಬಿಗಿದು, ಕತ್ತು ಓರೆ ಮಾಡಿ, "ಸಾ...ರಿ, ಔಟ್ ಆಫ್ ಸ್ಟಾಕ್" ಅಂದೆ.

"ನಾನು ಅಷ್ಟು ಮೂಗಲ್ಲಿ ಮಾತಾಡ್ತೀನಾ?"

"ಇನ್ನೂ ಜಾಸ್ತಿ ಮೇಡಂ" ಅಂದಳು ಸೆಲ್ವಿ ಕೌಂಟರಿನಿಂದ.

ಮೇಡಂ ನಗು ತಡೆಯಲು ಅಲ್ಲಿದ್ದ ಹ್ಯಾಂಗರುಗಳನ್ನು ಸರಿಪಡಿಸಿದರು. ಅವು ಮೊದಲೇ ಸರಿಯಾಗಿದ್ದವು. "ಗೋಡೌನ್‌ಗೆ ಬೇರೆಯವರನ್ನ ನೋಡ್ತೀನಿ. ನೀನು ಇಲ್ಲೇ ಸಾಯಿ. ಆದ್ರೆ ಊರು ಕೇಳೋದು ಮಾತ್ರ ಬೇಡ!"

ಹಬ್ಬದ ಗಲಾಟೆ ಮುಗಿದ ಮೇಲೆ ರಜೆ ಹಾಕಿ ಊರಿಗೆ ಹೋದೆ. ಸಂಜೆ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ನಾನು ಹುರುಪಿನಿಂದ, ಮಂಡಿ ಹಿಡಿದು ಕೂರುವುದರ ಸಮೇತ ಶರ್ಲಿ ಆಂಟಿಯ ನಕಲಿ ಮಾಡಿದೆ, ಮೇಡಂ ಅವರದು ಮಾಡಿದೆ, ಸೆಲ್ವಿಯದೂ ಮಾಡಿದೆ. ಒಬ್ಬರೂ ನಗಲಿಲ್ಲ. "ಚಂದ ಐತಿ" ಎಂದು ಮರ್ಯಾದೆಗೆ ತಲೆಯಾಡಿಸಿದರು. ಅಸಲನ್ನು ಕಾಣದವರು ನಕಲಿಗೆ ಹೇಗೆ ನಕ್ಕಾರು? ಅಂಗಡಿಯಲ್ಲಿ ಮಾವನ ನಕಲಿ ಮಾಡಿ ತೋರಿಸಿದಾಗ ಸೆಲ್ವಿಯೂ ಹೀಗೇ ತಲೆಯಾಡಿಸಿದ್ದಳು. ನನ್ನ ಅರ್ಧ ಜನ ಅಲ್ಲಿಯವರಿಗೆ ಗುರುತಿಲ್ಲ, ಇನ್ನರ್ಧ ಇಲ್ಲಿಯವರಿಗೆ ಗುರುತಿಲ್ಲ. ಎಲ್ಲರನ್ನೂ ಬಲ್ಲವನು ನಾನೊಬ್ಬನೇ. ಆದರೆ ಒಬ್ಬನೇ ನಕ್ಕರೆ ಎರಡೂ ಊರಿನಲ್ಲಿ ಹುಚ್ಚ ಅನ್ನುತ್ತಾರೆ.

ಅವ್ವ ಮಾತ್ರ ಒಳಗೆ ಬಂದು ಕೇಳಿದಳು: "ಅಕಿ ಯಾರೋ, ಕನ್ನಡಕದ ಮುದುಕಿ? ಒಮ್ಮೆ ಕರ್ಕೊಂಡ್ ಬಾ. ಅಕಿನ್ನ ನೋಡಿದ್ರ ನಿನ್ನ ನಕಲಿಗೆ ನಗು ಬರ್ತದ."

ಬರುತ್ತಾರೆ ಬಿಡು ಅಂದೆ. ಹಾಗೆ ಅಂದದ್ದೇ ತಡ, ಅಕಿ ಖಾರ ತಿಂತಾಳೋ ಇಲ್ಲೋ, ಮಂಡಿನೋವಿನಾಕಿ ನೆಲದ ಮ್ಯಾಲೆ ಹೆಂಗ ಕುಂತಾಳು ಎಂದು ಅವ್ವ ಆಗಲೇ ಚಿಂತೆ ಶುರು ಮಾಡಿದ್ದಳು.