ಎಣ್ಣೆ ಹಚ್ಚಿದ ಮರ

ಅಂಜನಾಪುರದ ಹಿನ್ನೀರಿನಲ್ಲಿ ನಮ್ಮ ಫೈಬರ್ ದೋಣಿ ಹಾಳಾದದ್ದು ನನ್ನ ಭಾವನ ಕೆಟ್ಟ ಮರಗೆಲಸದಿಂದ ಎಂಬ ಮಾತು ನಮ್ಮ ಕಡೆ ಬಹಳ ವರ್ಷ ಓಡಾಡಿತು. ಆ ಮಾತನ್ನು ಮೊದಲು ಆಡಿದವನು ನಾನು. ಅದು ಸುಳ್ಳು. ಆಡುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೊರಬ ತಾಲ್ಲೂಕಿನ ಹೊಸಬಾಳೆಯವರು. ಬೇಸಾಯದವರೇ ಆದರೂ ಮರದ ಕೆಲಸ ಅವರ ಕೈಗೆ ತಾನಾಗಿ ಒಲಿದಿತ್ತು. ನೇಗಿಲು, ಗಾಡಿಯ ಮೂಕಿ, ಬಾಗಿಲ ಚೌಕಟ್ಟು ಯಾವುದು ಕೆಟ್ಟರೂ ಸುತ್ತಲಿನವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ನಮ್ಮ ಅಪ್ಪನಿಗೆ ಅವರೆಂದರೆ ಪ್ರಾಣ. ಎತ್ತು ಕೊಳ್ಳುವುದಿದ್ದರೂ ಅಳಿಯ ಬರಲಿ ಎಂದು ಕಾಯುತ್ತಿದ್ದ. ನಾನು ಹೈಸ್ಕೂಲು ಮುಗಿಸಿ ಶಿಕಾರಿಪುರದಲ್ಲಿ ಬಣ್ಣ, ಮೊಳೆ, ಬೀಗ ಮಾರುವ ಅಂಗಡಿ ಇಟ್ಟಿದ್ದೆ. ಅಪ್ಪ ಅದನ್ನು ‘ಡಬ್ಬಿ ಅಂಗಡಿ’ ಎನ್ನುತ್ತಿದ್ದ. ಅದೂ ಭಾವ ಎದುರಿಗಿದ್ದಾಗಲೇ ಹೆಚ್ಚು. ಭಾವ ತಲೆ ತಗ್ಗಿಸಿ ನಗುತ್ತಿದ್ದರು. ಅವರನ್ನು ನಾನು ದ್ವೇಷಿಸಿದ್ದಕ್ಕೆ ಇಷ್ಟೇ ಕಾರಣ ಎಂದರೆ ಓದುವವರಿಗೆ ಕ್ಷುಲ್ಲಕ ಎನಿಸಬಹುದು. ನನಗೂ ಈಗ ಹಾಗೆಯೇ ಅನಿಸುತ್ತದೆ. ಆಗ ಅನಿಸಿರಲಿಲ್ಲ.

ನಮ್ಮ ಗದ್ದೆ ಹಿನ್ನೀರಿನ ಎರಡೂ ದಂಡೆಯಲ್ಲಿತ್ತು. ಬೇಸಿಗೆಯಲ್ಲಿ ನೀರು ಇಳಿದು ಗಾಡಿ ನೇರ ದಾಟುತ್ತಿತ್ತು. ಮಳೆ ಬಿದ್ದು ನೀರು ಏರಿತೆಂದರೆ ಊರೆಲ್ಲ ಸುತ್ತಿ ಆಚೆ ದಂಡೆಗೆ ಹೋಗಬೇಕು. ನಾಟಿಯ ಹೊತ್ತಿಗೆ ಸರಿಯಾಗಿ ದಾರಿ ಕಟ್ಟುತ್ತಿತ್ತು. ಅದಕ್ಕೇ ಅಪ್ಪ ಸಾಗರದ ಕಡೆಯಿಂದ ಒಂದು ಹಳೆಯ ಫೈಬರ್ ದೋಣಿಯನ್ನು ಲಾರಿಯ ಮೇಲೆ ತರಿಸಿದ್ದ. ಹೊರಗೆ ಫೈಬರಿನ ಚಿಪ್ಪು, ಒಳಗೆ ತಳದುದ್ದಕ್ಕೂ ಮರದ ಪಟ್ಟಿಗಳು, ಅವುಗಳ ಮೇಲೆ ಹಲಗೆಯ ಹಾಸು. ಅಪ್ಪ ಸಾಯುವ ಮುಂಚೆ ಈಚೆ ದಂಡೆಯನ್ನು ನನಗೂ ಆಚೆ ದಂಡೆಯನ್ನು ಅಕ್ಕನಿಗೂ ಮಾಡಿಟ್ಟ. ಆಚೆಯದು ಒಳ್ಳೆಯ ಮಣ್ಣು. ಎಲ್ಲರಿಗೂ ಗೊತ್ತಿದ್ದ ವಿಷಯ ಅದು.

ನಾನು ಜಗಳ ಆಡಲಿಲ್ಲ. ದೋಣಿ ನನ್ನ ಕಣದಲ್ಲಿತ್ತು. ಅದನ್ನು ಮಗುಚಿ ಹಾಕಿಸು ಎಂದು ಅಕ್ಕ ಹೇಳಿಕಳಿಸಿದಳು. ಹಾಕಿಸಲಿಲ್ಲ. ಅದು ಬಾಯಿ ತೆರೆದುಕೊಂಡೇ ಮಳೆ ಕುಡಿಯಿತು. ದೋಣಿ ಇಲ್ಲದಿದ್ದರೆ ಹೊಸಬಾಳೆಯಿಂದ ಬಂದು ಆಚೆ ದಂಡೆ ಮಾಡುವುದು ಅವರಿಂದ ಆಗದ ಮಾತು. ಕೊನೆಗೆ ನನ್ನ ಕೈಗೇ ಬರಬೇಕು. ನಾನು ಕಾಯುತ್ತಿದ್ದದ್ದು ಅದಕ್ಕೆ.

ಯುಗಾದಿ ಕಳೆದ ಮೇಲೆ ಇಬ್ಬರೂ ಬಂದರು. ಭಾವ ದೋಣಿಯ ಸುತ್ತ ಒಂದು ಸುತ್ತು ಬಂದು ಬೆರಳಗಂಟಿನಿಂದ ಹಾಸನ್ನು ತಟ್ಟಿದರು. ಒದ್ದೆ ಗೋಣಿಯನ್ನು ತಟ್ಟಿದ ಹಾಗೆ ಸದ್ದು ಬಂತು.

“ಚಿಪ್ಪು ಗಟ್ಟಿ ಅದೆ. ಒಳಗಿನ ಮರ ಸತ್ತದೆ” ಎಂದರು.

“ಸುಟ್ಟು ಹಾಕ್ರಿ ಭಾವ. ಹಳೇದು.”

“ನಿನ್ನ ಅಂಗ್ಡಿ ಮಾಲಲ್ಲ ಇದು, ಹಳೇದಾತು ಅಂತ ಎಸಿಯಕ್ಕೆ.”

“ಮಗುಚಿ ಹಾಕು ಅಂದಿದ್ನಲ್ಲೋ” ಎಂದಳು ಅಕ್ಕ.

“ಆಳು ಸಿಗ್ಲಿಲ್ಲ.”

“ನಿಂಗೆ ಕೈ ಇರ್ಲಿಲ್ವಾ?”

ಕೆಲಸವನ್ನು ಹಂಚಿದವಳೂ ಅವಳೇ. ಮರ ಗಂಡನದು, ಫೈಬರ್ ತಮ್ಮನದು. ಬಣ್ಣದ ಅಂಗಡಿಯವನಿಗೆ ಇದೂ ಬರುತ್ತದೆ ಎಂದು ಅವಳ ಲೆಕ್ಕ. ಒಲ್ಲೆ ಎಂದರೆ ಊರಿನ ಬಾಯಿಗೆ ಬೀಳುತ್ತೇನೆಂದು ಒಪ್ಪಿಕೊಂಡೆ.

ಹಾಸನ್ನು ಗರಗಸದಿಂದ ಕೊಯ್ದು ಎತ್ತಿದಾಗ ಒಳಗಿದ್ದದ್ದು ಮರವೇ ಅಲ್ಲ. ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂತೆ ಕಪ್ಪಗೆ, ಮೆತ್ತಗೆ, ಕೈಯಲ್ಲಿ ಹಿಂಡಿದರೆ ನೀರು ಬರುವ ಮುದ್ದೆ. ಕೊಳೆತ ವಾಸನೆ ಕಣಕ್ಕೆಲ್ಲ ಹಬ್ಬಿತು. ಭಾವ ಉಳಿಯಲ್ಲಿ ಕೆತ್ತಿ ತೆಗೆದರು, ನಾನು ಬುಟ್ಟಿಯಲ್ಲಿ ಹೊತ್ತು ಹಾಕಿದೆ. ಚಿಪ್ಪಿನ ಒಳಮೈಯನ್ನು ಉಜ್ಜುವಾಗ ಎದ್ದ ಫೈಬರ್ ಪುಡಿ ಕತ್ತು, ಮೊಣಕೈ ಎಲ್ಲ ಹೊಕ್ಕು ಬಿಸಿಲಿಗೆ ಸೂಜಿ ಚುಚ್ಚಿದ ಹಾಗೆ ತುರಿಸುತ್ತಿತ್ತು. ಇಬ್ಬರೂ ಮೈ ಕೆರೆದುಕೊಳ್ಳುತ್ತ ಒಬ್ಬರನ್ನೊಬ್ಬರು ನೋಡದೆ ಕೆಲಸ ಮಾಡಿದೆವು. ಅಕ್ಕ ಬುತ್ತಿ ತಂದರೆ ದೋಣಿಯ ಆ ಮಗ್ಗುಲಿಗೆ ಅವರು, ಈ ಮಗ್ಗುಲಿಗೆ ನಾನು ಕೂತು ಉಣ್ಣುತ್ತಿದ್ದೆವು.

ಭಾವ ನಂದಿ ಮರ ತಂದು ಪಟ್ಟಿ ಸೀಳಿದರು. ಚಿಪ್ಪಿನ ಬಾಗು ಎಲ್ಲೆಲ್ಲಿ ಹೇಗಿದೆಯೋ ಹಾಗೆ ಕೆತ್ತಿ ಕೂರಿಸಿದರು. ಎರಡು ಪಟ್ಟಿ ಸೇರುವ ಸಂದಿನಲ್ಲಿ ಪೋಸ್ಟ್ ಕಾರ್ಡ್ ತೂರಿಸಲು ನಾನು ಕದ್ದು ಪ್ರಯತ್ನಪಟ್ಟೆ. ಹೋಗಲಿಲ್ಲ. ಕಾರ್ಡನ್ನು ಮುದುಡಿ ಜೇಬಿಗೆ ತುರುಕಿಕೊಂಡೆ.

ರೆಸಿನ್ ತರಲು ನಾನು ಶಿವಮೊಗ್ಗಕ್ಕೆ ಹೋದೆ. ಫೈಬರಿಗೆ ಹಚ್ಚುವ ದ್ರವ ಅದು, ಮರದ ಪಟ್ಟಿಗಳನ್ನು ಚಿಪ್ಪಿಗೆ ಹಿಡಿಸುವುದೂ ಅದೇ. ಗಟ್ಟಿಯಾಗಲು ಬೇರೊಂದು ಸೀಸೆಯ ಔಷಧಿ ಬೆರೆಸಬೇಕು. ಅಂಗಡಿಯವನು ಅಳತೆ ಹೇಳಿಕೊಟ್ಟು, ಬಸ್ಸಿಗೆ ಹೊರಟ ನನ್ನನ್ನು ಮತ್ತೆ ಕರೆದು ಹೇಳಿದ.

“ಮರ ಚೆನ್ನಾಗಿ ಒಣಗಿರ್ಬೇಕು ನೋಡ್ರಿ. ಎಣ್ಣೆ, ಗ್ರೀಸು ಏನೂ ತಾಗಿರಬಾರ್ದು. ತಾಗಿದ್ರೆ ಮೇಲೆ ಗಟ್ಟಿ ಆದಂಗೆ ಕಾಣ್ತದೆ, ಒಳಗೆ ಹಿಡಿಯಲ್ಲ. ಸುಲಿದು ಬರ್ತದೆ.”

ಸರಿ ಎಂದೆ. ಇದಕ್ಕೆ ಎರಡು ಅರ್ಥ ಇರಲಿಲ್ಲ, ನನಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಡಬ್ಬಿ ಹೊತ್ತು ಕಣಕ್ಕೆ ಬಂದಾಗ ಭಾವ ಕೋಲಿಗೆ ಬಟ್ಟೆ ಸುತ್ತಿಕೊಂಡು ಪಟ್ಟಿಗಳಿಗೆ ಗೇರೆಣ್ಣೆ ಹಚ್ಚುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಅವರ ಸೀಮೆಯಲ್ಲಿ ನೆಲಕ್ಕೋ ನೀರಿಗೋ ತಾಗುವ ಯಾವ ಮರಕ್ಕೂ ಮೊದಲು ಅದನ್ನು ಕುಡಿಸುತ್ತಾರೆ. ಗೆದ್ದಲು ಹತ್ತುವುದಿಲ್ಲ, ಕೊಳೆಯುವುದಿಲ್ಲ. ಒಳ್ಳೆಯ ಪದ್ಧತಿಯೇ. ಅಕ್ಕನ ಗದ್ದೆಯ ದೋಣಿಯೆಂದು ಅವರು ಒಂದಕ್ಕೆರಡು ಬಾರಿ ಹಚ್ಚುತ್ತಿದ್ದರು. ಮುಂಗೈ ತುಂಬ ಬೊಬ್ಬೆ ಎದ್ದಿತ್ತು.

ಹೇಳಬೇಕೆಂದು ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಅವರು ತಲೆ ಎತ್ತದೆ ಹೇಳಿದರು.

“ಡಬ್ಬಿ ತಂದ್ಯನ? ಅಲ್ಲಿಡು. ಮರದ ಕೆಲ್ಸ ಮುಗೀಲಿ. ಆಮೇಲೆ ನಿನ್ನ ಅಂಟು ಬಳಿಯೋದು ಇದ್ದೇ ಅದೆ.”

“ಹಚ್ರಿ ಭಾವ. ಇನ್ನೂ ಒಂದು ಸಲ ಹಚ್ರಿ” ಎಂದೆ.

ಸುಮ್ಮನಿದ್ದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಇನ್ನೂ ಒಂದು ಸಲ ಹಚ್ಚಿ ಎಂದವನು ನಾನು. ಅವರು ಹಚ್ಚಿದರು.

ಎಣ್ಣೆ ಆರಿದ ಮೇಲೆ, ರೆಸಿನ್ ಜೊತೆಗೇ ತಂದಿದ್ದ ಬಟ್ಟೆಯಂಥ ಫೈಬರ್ ಚಾಪೆ ಕತ್ತರಿಸಿ, ರೆಸಿನ್ ಬೆರೆಸಿ, ಪಟ್ಟಿಗಳ ಮೇಲೆ ಹಾಸಿ ಬಳಿದೆ. ಮರುದಿನ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು. ಒಂದು ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಕೆಳಗೆ ಹಲಸಿನ ಮೇಣದಂತೆ ಜಿಗುಟು. ಭಾವ ಪಕ್ಕಕ್ಕೆ ಬಂದು ತಾವೂ ಬೆರಳಿಟ್ಟರು.

“ಎಂತ ಇದು? ಹಿಂಗೇ ಇರ್ತದನ?”

“ಹಿಂಗೇ ಭಾವ. ಬಿಸಿಲು ಬಿದ್ದಂಗೆ ಗಟ್ಟಿ ಆಗ್ತೈತೆ.”

“ನಂಗೆ ಈ ಫೈಬರ್ ಗೊತ್ತಾಗದಿಲ್ಲ. ನಿಂಗೇ ಬಿಟ್ಟದ್ದು ಮತ್ತೆ” ಎಂದರು.

ಅವರು ನನ್ನನ್ನು ನಂಬಿ ಆಡಿದ ಮಾತು ಅದೊಂದೇ. ಮೇಲೆ ಹೊಸ ಹಲಗೆಯ ಹಾಸು ಹೊಡೆದರು. ಜಿಗುಟು ಮುಚ್ಚಿಹೋಯಿತು.

ಮುಂಗಾರು ಶುರುವಾಗಿ ಮಿರಗದ ಮಳೆ ಹಿಡಿದು ನೀರು ಏರಿತು. ಆಚೆ ಗದ್ದೆಯ ನಾಟಿಗೆ ಈಚೆ ದಂಡೆಯಲ್ಲೇ ಸಸಿ ಬೆಳೆಸಿದ್ದರು. ಸಸಿ ಕಟ್ಟುಗಳನ್ನು ದೋಣಿಗೆ ತುಂಬಿದರು. ದೋಣಿ ದಂಡೆಯಲ್ಲೇ ಎಲ್ಲಾದರೂ ಸಡಿಲಾಗುತ್ತದೆ, ಭಾವನಿಗೆ ಮುಖಭಂಗವಾಗುತ್ತದೆ, ಅಷ್ಟಕ್ಕೆ ಮುಗಿಯುತ್ತದೆ ಎಂದು ನಾನು ಎಣಿಸಿದ್ದೆ. ಅಕ್ಕ ಹತ್ತುತ್ತಾಳೆಂದು ಎಣಿಸಿರಲಿಲ್ಲ. ಅವಳಿಗೆ ನೀರೆಂದರೆ ಭಯ. ಚಿಕ್ಕಂದಿನಲ್ಲಿ ಕೆರೆ ಮೆಟ್ಟಿಲಿಗೂ ಇಳಿಯುತ್ತಿರಲಿಲ್ಲ.

ಅವಳು ಸೀರೆ ಎತ್ತಿ ಕಟ್ಟಿ, ಭಾವನ ಭುಜ ಹಿಡಿದು ಹತ್ತಿದಳು.

“ಏನೋ ಹಂಗೆ ನೋಡ್ತೀಯ? ನಾನೂ ದೋಣಿ ಹತ್ತೀನಿ ಅಂತ ಹೊಟ್ಟೆಕಿಚ್ಚಾ?” ಎಂದು ನಕ್ಕಳು.

ಇಳಿ ಎನ್ನಲು ಎಷ್ಟು ಹೊತ್ತು ಬೇಕು? ನಾನು ಹಗ್ಗ ಬಿಚ್ಚಿಕೊಟ್ಟೆ.

ಭಾವ ಗಳ ಊರಿದರು. ದೋಣಿ ಸಲೀಸಾಗಿ ಹೊರಟಿತು. ಆಳ ಶುರುವಾಗುವ ಕಡೆ ಅಲೆಗೆ ಸಿಕ್ಕಿ ಚಿಪ್ಪು ಬಳುಕಿತು. ಒಳಗಿನ ಪಟ್ಟಿಗಳು ಚಿಪ್ಪಿನಿಂದ ಕಿತ್ತು, ಹಾಸು ಒಮ್ಮೆಲೇ ಮೇಲೆದ್ದು ಸಸಿ ಕಟ್ಟುಗಳೆಲ್ಲ ಒಂದು ಮಗ್ಗುಲಿಗೆ ಜಾರಿದವು. ದೋಣಿ ವಾಲಿ ಬಾಯಲ್ಲಿ ನೀರು ತುಂಬಿಕೊಂಡಿತು. ಅಕ್ಕ ಕೂಗಿದ್ದು ಒಂದೇ ಸಲ. ಆಮೇಲೆ ಅವಳ ತಲೆ ಕಾಣಲಿಲ್ಲ. ಭಾವ ಮುಳುಗಿ, ಅವಳ ಜಡೆ ಹಿಡಿದು ಎಳೆದು, ಎದೆಮಟ್ಟದ ನೀರಿಗೆ ತಂದು ನಿಲ್ಲಿಸಿದರು. ನಾನು ಮೊಣಕಾಲು ನೀರಿಗೆ ಇಳಿದು ನಿಂತಿದ್ದೆ. ಅದಕ್ಕಿಂತ ಮುಂದೆ ಹೋಗಲಿಲ್ಲ. ಸಸಿ ಕಟ್ಟುಗಳು ಹರಡಿಕೊಂಡು ತೇಲಿ ಹೋದವು. ಆ ವರ್ಷದ ನಾಟಿ ಅಲ್ಲಿಗೆ ಮುಗಿಯಿತು.

ದಂಡೆಯಲ್ಲಿ ಜನ ಸೇರಿದ್ದರು. ಅಕ್ಕ ನೀರು ಕಕ್ಕುತ್ತ ಕೂತಿದ್ದಳು. ಭಾವನ ಕೈಯಲ್ಲಿ ಮರದ ಪಟ್ಟಿಯ ಒಂದು ಮುರಿದ ತುಂಡು ಇತ್ತು. ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಫೈಬರ್ ಅದರಿಂದ ಸುಲಿದು ಹೋಗಿತ್ತು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಯಾರಾದರೂ ಕೇಳುವ ಮೊದಲೇ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಮರ ಸರಿಯಾಗಿ ಕೂರ್ಸಿಲ್ಲ ಭಾವ ನೀವು.”

ಅಕ್ಕ ತಿರುಗಿದ್ದು ಗಂಡನ ಮೇಲೆ. “ಎಲ್ಲಾ ಬರ್ತದೆ ಅಂತ ಮೆರೀತಿದ್ರಲ್ಲ. ನನ್ನ ಕೊಲ್ಲಕ್ಕೆ ಕರ್ಕೊಂಡು ಬಂದ್ರಾ?”

ಅವರು ಆ ತುಂಡನ್ನು ಕೆಳಗಿಟ್ಟು ಅವಳ ಬೆನ್ನು ನೀವತೊಡಗಿದರು.

ಆಚೆ ದಂಡೆ ಗುತ್ತಿಗೆಯ ಮೇಲೆ ನನ್ನ ಕೈಗೆ ಬಂತು. ಒಳ್ಳೆಯ ಮಣ್ಣೇ, ಎಲ್ಲರೂ ಹೇಳುತ್ತಿದ್ದದ್ದು ನಿಜ. ಅಂಗಡಿಗೆ ಬಂದವರಿಗೆಲ್ಲ ದೋಣಿಯ ಕಥೆ ಹೇಳಿ ನಗಿಸುತ್ತಿದ್ದೆ. ಭಾವ ಉಳಿ, ಬಾಚಿ ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟರೆಂದು ಕೇಳಿದೆ. ಕೇಳಿ ಖುಷಿಪಟ್ಟೆ.

ಕೆಲವು ವರ್ಷ ಕಳೆದ ಮೇಲೆ, ಗುತ್ತಿಗೆಯ ಮಾತಿಗೆಂದು ಹೊಸಬಾಳೆಗೆ ಹೋಗಿದ್ದಾಗ, ಪಕ್ಕದ ಮನೆಯವನು ಮುರಿದ ನೊಗ ಹೊತ್ತು ಬಂದ. ಭಾವನ ಕೈಗೆ ಕೊಡುವಷ್ಟರಲ್ಲಿ ಅಕ್ಕ ಬಾಗಿಲಿನಿಂದಲೇ ತಡೆದಳು.

“ಇವರ ಹತ್ರ ಬೇಡ ಮಾರಾಯ. ಇವರು ಮುಟ್ಟಿದ್ದು ಮುಳುಗ್ತದೆ.”

ಬಂದವನು ನಕ್ಕ. ಭಾವನೂ ನಕ್ಕರು. ಅಭ್ಯಾಸವಾದ ನಗು. ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಪಂಚೆಯಲ್ಲಿ ಒರೆಸಿಕೊಂಡರು, ಅದರಲ್ಲಿ ಕೊಳೆ ಏನೂ ಇರಲಿಲ್ಲ. ಅವನು ಹೋದ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ನಾನು ಹೇಳಿದೆ. ಶಿವಮೊಗ್ಗದ ಅಂಗಡಿಯವನ ಮಾತು, ಜಿಗುಟು, ಇನ್ನೂ ಒಂದು ಸಲ ಹಚ್ಚಿ ಎಂದದ್ದು, ಎಲ್ಲ.

ಭಾವ ತಮ್ಮ ಮುಂಗೈಯನ್ನು ತಿರುಗಿಸಿ ನೋಡಿಕೊಂಡರು.

“ಎಣ್ಣೆ ಇಲ್ದಿದ್ರೆ ಹಿಡೀತಿತ್ತಾ?”

“ಹಿಡೀತಿತ್ತು.”

“ನನ್ನ ಸಂದು?”

“ಒಂದೂ ಬಿಟ್ಟಿರ್ಲಿಲ್ಲ ಭಾವ. ಮುಳುಗಿದ ದೋಣಿ ಎತ್ತಿದಾಗ್ಲೂ ಹಂಗೇ ಕೂತಿದ್ವು.”

“ಕರಿ ಅವಳನ್ನ” ಎಂದರು. ಅಕ್ಕ ಬಂದಳು. “ಈಗ ಹೇಳು.”

ಮತ್ತೆ ಮೊದಲಿನಿಂದ ಹೇಳಿದೆ. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಒಂದೇ ಕೇಳಿದಳು.

“ನಾನು ಹತ್ತೋವಾಗ ನೋಡ್ತಿದ್ದೆ ನೀನು. ಗೊತ್ತಿದ್ದೇ ನೋಡ್ತಿದ್ಯಾ?”

“ಹೌದು.”

ಅವಳು ಒಮ್ಮೆ ಗಂಡನ ಕಡೆ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಆಚೆ ದಂಡೆ ವಾಪಸ್ ಕೊಡ್ತೀನಿ ಭಾವ” ಎಂದೆ.

“ಅದು ನಿನ್ನಪ್ಪ ಅವಳಿಗೆ ಕೊಟ್ಟದ್ದು. ನೀನೆಂತ ಕೊಡೋದು? ಕೊಡೋದಿದ್ರೆ ಬೇರೆ ಕೊಡು. ಆ ಮಾತು ಎಲ್ಲೆಲ್ಲಿ ಆಡಿದ್ಯೋ ಅಲ್ಲೆಲ್ಲ ಹೋಗಿ, ಸುಳ್ಳು ಅಂತ ಹೇಳು. ಅಲ್ಲಿ ತನಕ ಈ ಜಗಲಿ ಹತ್ಬೇಡ.”

ಮರುವರ್ಷ ಅವರು ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದು, ಊರೆಲ್ಲ ಸುತ್ತಿ ಬಂದು ಆಚೆ ದಂಡೆ ಉತ್ತರು. ನನ್ನ ಕಣದ ಕಡೆ ತಲೆ ಹಾಕಲಿಲ್ಲ.

ನಾನು ಹೇಳಲು ಶುರು ಮಾಡಿದೆ. ಅಂಗಡಿಯಲ್ಲಿ ಹೇಳಿದೆ, ಅಂಜನಾಪುರದ ಹೋಟೆಲಿನಲ್ಲಿ ಹೇಳಿದೆ, ಮದುವೆಮನೆಯ ಪಂಕ್ತಿಯಲ್ಲಿ ಕೂತು ಹೇಳಿದೆ. ಯಾರೂ ನಂಬಲಿಲ್ಲ. ಒಡಹುಟ್ಟಿದವಳು ಹತ್ತುವ ದೋಣಿಗೆ ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದರು. ಭಾವನ ಮಾನ ಉಳಿಸಲು, ಪಾಪ, ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದರು. ನನ್ನ ಹೆಸರು ಮೊದಲಿಗಿಂತ ದೊಡ್ಡದಾಯಿತು. ಅವರ ಹೆಸರು ಇದ್ದಲ್ಲೇ ಇತ್ತು.

ಒಂದು ದಿನ ಸುಣ್ಣ ಬಣ್ಣಕ್ಕೆಂದು ಬಂದ ಪರಿಚಯದವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡ.

“ನಿಮ್ಮಂಥ ಭಾಮೈದ ಸಿಗಬೇಕಂದ್ರೆ ಪುಣ್ಯ ಮಾಡಿರ್ಬೇಕ್ರಿ ಅವ್ರು.”

“ನಾನು ಹೇಳ್ತಿರೋದು ನಿಜ ಕಣ್ರಿ.”

“ಆತು ಬಿಡ್ರಿ, ನಿಜ ಅಂತಾನೇ ಇಟ್ಕೊಳ್ಳೋಣ” ಎಂದು ಕಣ್ಣು ಹೊಡೆದ.

ಅವನ ಕೈ ಕೊಡವಿ, ಬಣ್ಣ ಇಲ್ಲ ಹೋಗು ಎಂದೆ. ಕಪಾಟಿನ ತುಂಬ ಬಣ್ಣ ಕಾಣುತ್ತಿತ್ತು. ಅವನು ಮುಖ ಸಪ್ಪಗೆ ಮಾಡಿಕೊಂಡು ಎದುರಿನ ಅಂಗಡಿಗೆ ಹೋದ. ಅಲ್ಲಿ ಅವನು ನನ್ನ ಕಡೆ ಕೈ ತೋರಿಸಿ ಏನೋ ಹೇಳುತ್ತಿರುವುದು ಕಂಡಿತು. ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ, ಅಲ್ಲಿದ್ದವರಿಗೆಲ್ಲ ಮತ್ತೆ ಮೊದಲಿನಿಂದ ಹೇಳತೊಡಗಿದೆ.