ಏಳು ಮನೆ ತಿರುಗಿದ ಮರಿಗಳು

ಯುದ್ಧದ ಕಾಲ. ಸವಣೂರಿನ ನಮ್ಮ ಓಣಿಯ ತುದಿಯಲ್ಲಿ ವೀಳ್ಯದೆಲೆ ಕಟ್ಟುವ ಚಪ್ಪರವೊಂದು ಖಾಲಿ ಬಿದ್ದಿತ್ತು. ಅದು ಎಲೆ ವ್ಯಾಪಾರಿಯ ವಿಧವೆಯದು. ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಯಾರೋ ಬಿಟ್ಟುಹೋದ ಎರಡು ಬೆಕ್ಕಿನ ಮರಿಗಳನ್ನು ಆಪಾ ಅಲ್ಲಿ ಸಾಕಿದ್ದೇ ತಡ, ಸುತ್ತಲಿನವರೆಲ್ಲ ಬೇಡವಾದ ಬೆಕ್ಕುಗಳನ್ನು ಚೀಲದಲ್ಲಿ ತಂದು ಸುರಿಯತೊಡಗಿದರು. ಹತ್ತಿಮತ್ತೂರಿನ ಚಕ್ಕಡಿಗಳಂತೂ ಸಂತೆಗೆ ಬರುವುದೇ ಅದಕ್ಕೆ ಎನ್ನುವ ಹಾಗೆ!

ನಾನು ಹೊಸದಾಗಿ ಮದುವೆಯಾಗಿ ಬಂದವಳು. ಮನೆಗೆಲಸ ಮುಗಿಸಿ, ಸೆರಗು ಸಿಕ್ಕಿಸಿ ಚಪ್ಪರಕ್ಕೆ ಓಟ. ಹೊಲಸು ಬಳಿದು ಹೊಸ ಬೂದಿ ಹರಡಬೇಕು, ಮಜ್ಜಿಗೆಯಲ್ಲಿ ರೊಟ್ಟಿ ಕಿವುಚಬೇಕು, ಗಾಯಕ್ಕೆ ಅರಿಷಿಣ ಹಚ್ಚಬೇಕು, ಕಣ್ಣು ಬಿಡದ ಮರಿಗೆ ಹತ್ತಿಯ ಬತ್ತಿಯಲ್ಲಿ ಆಡಿನ ಹಾಲು ಚೀಪಿಸಬೇಕು. ಕೈತುಂಬ ಪರಚಿದ ಗೆರೆಗಳು. ಅಷ್ಟು ಖುಷಿ ನನಗೆ ಇನ್ನೆಲ್ಲಿಯೂ ಇರಲಿಲ್ಲ ನೋಡಿ!

ಒಂದು ದಿನ ಮೂರು ಬಣ್ಣದ ತಾಯಿ ಬೆಕ್ಕೊಂದು ನಾಲ್ಕು ಮರಿಗಳ ಸಮೇತ ಬಂತು. ಬಂದದ್ದೇ ಮರಿಗಳನ್ನು ಕಚ್ಚಿಕೊಂಡು ಬುಟ್ಟಿ, ಅಟ್ಟ, ಹುಲ್ಲು, ಮುರುಕು ತೊಟ್ಟಿಲು ಎಂದು ಜಾಗ ಬದಲಿಸತೊಡಗಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸದೆ ಬಿಡುವುದಿಲ್ಲ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ನಾನು ಬೆರಳು ಮಡಚಿದೆ. ನಾಲ್ಕಾಗಿದೆ, ಮೂರು ಉಳಿದಿದೆ. ಪಾಪ, ಬಡಕಲು ಬಾಣಂತಿ, ಉಳಿದದ್ದನ್ನು ನಾನೇ ತಿರುಗಿಸಿದರೆ ಆಯಿತಲ್ಲ! ನನ್ನ ಜಾಣತನಕ್ಕೆ ನಾನೇ ಭೇಷ್ ಅಂದುಕೊಂಡೆ. ತಾಯಿ ಒಣಮೀನು ತಿನ್ನುತ್ತಿರುವಾಗ ಮರಿಗಳನ್ನು ಎಲೆಬುಟ್ಟಿಗೆ ಹಾಕಿಕೊಂಡು, ಓಣಿಯ ಮೂರು ಮನೆಗಳ ಪಡಸಾಲೆಯಲ್ಲಿ ಇಳಿಸಿ, ಎತ್ತಿ, ಹಿತ್ತಲ ದಾರಿಯಿಂದ ಚಪ್ಪರಕ್ಕೆ ಮರಳಿದೆ. ತಾಯಿ ಇಲ್ಲ!

"ಏನ್ ಮಾಡಿದೆವ್ವಾ!" ಆಪಾ ಹಣೆ ಬಡಿದುಕೊಂಡರು. "ಇಷ್ಟು ಸಣ್ಣವು, ತಾಯಿ ಹಾಲಿಲ್ಲದ ಉಳಿಯಂಗಿಲ್ಲ."

"ತಪ್ಪಾತ್ರಿ ಆಪಾ," ಎಂದೆ. ಬತ್ತಿ ಹಿಡಿದೆ. ಒಂದೂ ಬಾಯಿ ತೆರೆಯಲಿಲ್ಲ.

ಇಬ್ಬರೂ ಓಡಿದೆವು. ಮೊದಲನೆಯ ಮನೆಯಲ್ಲಿ, "ಈಗಷ್ಟ ಬಂದು ಒದರಿ ಹೋತ್ರಿ" ಎಂದರು. ಎರಡನೆಯ ಮನೆಯಲ್ಲೂ ಅದೇ ಮಾತು. ಅಯ್ಯೋ, ಅದು ವಾಸನೆ ಹಿಡಿದು ನನ್ನ ಹೆಜ್ಜೆಯ ಮೇಲೆಯೇ ಹೊರಟಿದೆ! ಮೂರನೆಯದು ಎಣ್ಣೆಗಾಣದ ಅಜ್ಜಿಯ ಮನೆ. ಅಲ್ಲಿ, ನಾನು ಬುಟ್ಟಿ ಇಳಿಸಿದ್ದ ಜಾಗದಲ್ಲೇ ಕುಳಿತು ತಾಯಿ ಬೆಕ್ಕು ಒದರುತ್ತಿತ್ತು.

"ಅದರ ಮಕ್ಕಳನ್ನ ಲಗೂನ ತಂದ್ ಕೊಡವ್ವಾ!" ಅಜ್ಜಿ ನನ್ನ ಮೇಲೆ ಹರಿಹಾಯ್ದಳು. "ನನ್ನ ಮಾರಿ ನೋಡಿ ಕೇಳಾಕತ್ತೈತಿ. ನಾ ಏನಂತ ಹೇಳ್ಲಿ ಅದಕ್ಕ?"

ಚಪ್ಪರಕ್ಕೆ ಓಡಿ ಬುಟ್ಟಿ ತಂದು ಮುಂದಿಟ್ಟೆ. ತಾಯಿ ಮೂಸಿತು. ನನ್ನ ಕೈ ವಾಸನೆ ಹತ್ತಿತ್ತೋ ಏನೋ, ಮುಖ ತಿರುಗಿಸಿ ಹಿಂದೆ ಸರಿಯಿತು.

"ಹಿಂದಕ್ಕ ಸರಿ. ಮುಟ್ಟಬ್ಯಾಡ," ಎಂದರು ಆಪಾ.

ಮೂವರೂ ಗೋಡೆಗೆ ಆತು ನಿಂತೆವು. ಸ್ವಲ್ಪ ಹೊತ್ತಿಗೆ ಬೆಕ್ಕು ಮರಳಿ ಬಂದು, ಒಂದು ಮರಿಯನ್ನು ನೆಕ್ಕಿ, ಕುತ್ತಿಗೆ ಕಚ್ಚಿ ಎತ್ತಿಕೊಂಡು ಚಪ್ಪರದ ಕಡೆ ನಡೆಯಿತು. ಆಮೇಲೆ ಎರಡನೆಯದು. ಮೂರನೆಯದು. ನಾನು ಕುಣಿಯುವುದೊಂದು ಬಾಕಿ!

ಎಲ್ಲಕ್ಕಿಂತ ಸಣ್ಣ ಮರಿ ಬುಟ್ಟಿಯಲ್ಲಿ ಉಳಿಯಿತು. ತಾಯಿಯ ಸುಳಿವಿಲ್ಲ. ಮರಿ ಅತ್ತು ಅತ್ತು ಸೋತು ಸುಮ್ಮನಾಯಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಆಪಾ ಗಪ್ಪನೆ ಮಣಿಕಟ್ಟು ಹಿಡಿದರು.

"ಆಕಿ ಬರ್ತಾಳ."

"ಬರದಿದ್ರರಿ?"

"ಬರ್ತಾಳ ಅಂದ್ನೆಲ್ಲ!" ಎಂದರು. ಅವರ ಕಣ್ಣೂ ಹೊಸ್ತಿಲ ಮೇಲೆಯೇ ಇತ್ತು.

ಬಂದಳು! ಹೊಸ್ತಿಲು ಹಾರಿ ನೇರ ಬುಟ್ಟಿಗೆ ಹೋಗಿ ಮರಿಯನ್ನು ಕಚ್ಚಿಕೊಂಡಳು. ನಮ್ಮ ಕಡೆ ತಿರುಗಿಯೂ ನೋಡದೆ ನಡೆದುಬಿಟ್ಟಳು. ನಾನು ಅಜ್ಜಿಯ ಪಡಸಾಲೆಯಲ್ಲಿಯೇ ಕುಸಿದು ಕುಳಿತು, ಸಂತೋಷ ತಡೆಯಲಾರದೆ ದೊಡ್ಡ ದನಿ ತೆಗೆದು ಅತ್ತೆ.